ಸುನ್ನತ್ ಆದವರಿಗೂ

‘ಸುನ್ನತ್ ಆದವರಿಗೆ ಆ ಜಾಗದ ಕ್ಯಾನ್ಸರ್ ಬರುವುದೇ ಇಲ್ಲ’ ಎಂಬ ಮಾತನ್ನು ಕಳೆದ ನಾಲ್ಕು ವರ್ಷಗಳಲ್ಲಿ ಹತ್ತಾರು ಮಂದಿಯ ಬಾಯಲ್ಲಿ ಕೇಳಿದ್ದೇನೆ. ಹೇಳಿದವರಲ್ಲಿ ಪಲ್ಲಿಯ ಕಮಿಟಿಯವರಿದ್ದಾರೆ, ಗಲ್ಫಿನಲ್ಲಿ ಮೂವತ್ತು ವರ್ಷ ಇದ್ದು ಬಂದವರಿದ್ದಾರೆ, ಒಬ್ಬರು ಡಾಕ್ಟರೂ ಇದ್ದಾರೆ. ಮಾತು ಸುಳ್ಳಲ್ಲ. ಹೆಚ್ಚಿನ ಪಾಲು ನಿಜ. ಉಳಿದ ಆ ಸ್ವಲ್ಪದರಲ್ಲಿ ನನ್ನ ಮಾಮ ಒಬ್ಬರು ಸಿಕ್ಕಿಹಾಕಿಕೊಂಡರು.

ನನ್ನ ಉಮ್ಮನಿಗೆ ಐವರು ಸಹೋದರರು, ಐವರೂ ಒಂದಲ್ಲ ಒಂದು ಕಾಲದಲ್ಲಿ ಗಲ್ಫಿನಲ್ಲಿ ಇದ್ದವರೇ. ಆದ್ದರಿಂದ ‘ಮಾಮ’ ಎಂದಷ್ಟೇ ಬರೆಯುತ್ತೇನೆ, ಯಾರೆಂದು ಹೇಳುವುದಿಲ್ಲ. ಬರೆಯಲು ಅವರೇ ಒಪ್ಪಿದ್ದಾರೆ. ‘ಗೊತ್ತಾಗುವವರಿಗೆ ಗೊತ್ತಾಗಲಿ ಮೋನೇ, ಹೆಸರು ಮಾತ್ರ ಬೇಡ’ ಎಂದರು. ಇನ್ನೊಂದು ತಕರಾರು ನನ್ನದೇ. ಈ ಅಂಗಕ್ಕೆ ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ಹೇಳುವ ಒಂದು ಮುದ್ದಿನ ಹೆಸರಿದೆ, ಗಂಡಸರು ಜಗಳದಲ್ಲಿ ಹೇಳುವ ಇನ್ನೊಂದು ಹೆಸರಿದೆ. ನಡುವೆ ಏನೂ ಇಲ್ಲ. ಡಾಕ್ಟರ ಮುಂದೆ ಕೂತ ಅರುವತ್ತರ ಹತ್ತಿರದ ಮನುಷ್ಯ ಇವೆರಡರಲ್ಲಿ ಯಾವುದನ್ನು ಹೇಳಬೇಕು? ‘ಕೆಳಗೆ ಸ್ವಲ್ಪ ತುರಿಕೆ’ ಎಂದು ಮಾಮ ಹೇಳುತ್ತಿದ್ದರು. ಕೆಳಗೆ ಎಂದರೆ ತೊಡೆಯ ಸಂದು ಎಂದು ಕೇಳಿದವರು ಅರ್ಥ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ನಾನು ಇಲ್ಲಿ ಪುಸ್ತಕದ ಶಬ್ದವನ್ನೇ ಬಳಸುತ್ತೇನೆ: ಶಿಶ್ನ. ಓದುವವರಿಗೆ ಮೊದಲ ಎರಡು ಸಲ ಮುಜುಗರವಾದೀತು, ಮೂರನೇ ಸಲಕ್ಕೆ ಅಭ್ಯಾಸವಾಗುತ್ತದೆ.

ಮೊದಲು ಸುನ್ನತ್‌ಗೆ ಸಲ್ಲಬೇಕಾದ ಗೌರವ ಸಲ್ಲಲಿ. ಶಿಶ್ನದ ಕ್ಯಾನ್ಸರ್ ಒಟ್ಟಿನಲ್ಲೇ ಅಪರೂಪ. 2020ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 36,000 ಹೊಸ ರೋಗಿಗಳು ಎಂಬುದು ಅಂತಾರಾಷ್ಟ್ರೀಯ ಅಂದಾಜು, ಅದರಲ್ಲಿ 10,000ಕ್ಕಿಂತ ಹೆಚ್ಚು ಮಂದಿ ಭಾರತದವರು. ಗಂಡು ಮಕ್ಕಳಿಗೆ ಚಿಕ್ಕಂದಿನಲ್ಲೇ ಮುಂದೊಗಲು ತೆಗೆಯುವ ಸಮಾಜಗಳಲ್ಲಿ, ಅಂದರೆ ಮುಸ್ಲಿಮರಲ್ಲಿ, ಯಹೂದಿಗಳಲ್ಲಿ, ಇದು ತೀರ ಕಡಿಮೆ. ಕಾರಣವೂ ತಿಳಿದದ್ದೇ. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿದ್ದರೆ ಒಳಗೆ ಕೊಳೆ ನಿಲ್ಲುತ್ತದೆ, ಮತ್ತೆ ಮತ್ತೆ ಉರಿಯೂತವಾಗುತ್ತದೆ, ವೈರಸ್‌ಗಳಿಗೂ ಬೀಡು ಬಿಡಲು ಜಾಗ ಸಿಗುತ್ತದೆ. ವರ್ಷಗಟ್ಟಲೆ ಹಾಗೆ ನಡೆದರೆ ಚರ್ಮದ ಜೀವಕೋಶಗಳು ಕೆಡುವ ಸಾಧ್ಯತೆ ಹೆಚ್ಚು. ಮುಂದೊಗಲೇ ಇಲ್ಲದಿದ್ದರೆ ಈ ದಾರಿ ಮುಚ್ಚಿದಂತೆ. ದೊಡ್ಡವನಾದ ಮೇಲೆ ಮಾಡಿಸಿಕೊಂಡರೆ ಇಷ್ಟು ರಕ್ಷಣೆ ಸಿಗುವುದಿಲ್ಲ, ಚಿಕ್ಕಂದಿನಲ್ಲಿ ಆದರೇ ಲಾಭ.

ಆದರೆ ಮುಚ್ಚಿದ್ದು ಒಂದು ದಾರಿ ಮಾತ್ರ. ಶಿಶ್ನದಲ್ಲಿ ಮುಂದೊಗಲಲ್ಲದೆ ಬೇರೆ ಚರ್ಮವೂ ಇದೆ, ಮಚ್ಚೆಗಳಿವೆ, ಮೂತ್ರನಾಳವಿದೆ, ರಕ್ತನಾಳಗಳಿವೆ. ಮತ್ತೆ, ಸುನ್ನತ್ ಮಾಡಿದ ಗಾಯದ ಕಲೆಯೂ ಇದೆ.

ಈ ಕಲೆಯ ವಿಷಯವನ್ನು ಬರೆದವರು ಬೇರೆ ಯಾರೂ ಅಲ್ಲ, ಸೌದಿ ಅರೇಬಿಯಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು. 1986ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ, ಸುನ್ನತ್ ಆದವರಲ್ಲಿ ಕಂಡ ಶಿಶ್ನದ ಕ್ಯಾನ್ಸರ್ ಬಗ್ಗೆ ಅಮೆರಿಕದ ಮೂತ್ರರೋಗ ತಜ್ಞರ ಪತ್ರಿಕೆಯಲ್ಲಿ ಅವರು ವರದಿ ಪ್ರಕಟಿಸಿದರು. ಎರಡನೆಯ ವರದಿಯಲ್ಲಿ 22 ರೋಗಿಗಳಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಹಳೆಯ ಕಾಲದ ಕ್ರಮದಲ್ಲಿ ಸುನ್ನತ್ ಆಗಿ, ದೊಡ್ಡ ಗಟ್ಟಿ ಕಲೆ ಉಳಿದಿತ್ತು. ಅಲ್ಲಿನ ಕೆಲವು ಭಾಗಗಳಲ್ಲಿ ಹಿಂದೆ ಅಗತ್ಯಕ್ಕಿಂತ ತುಂಬ ಹೆಚ್ಚು ಚರ್ಮ ತೆಗೆಯುವ ಪದ್ಧತಿ ಇತ್ತು. ನಮ್ಮ ಕಡೆ ಹಾಗಿಲ್ಲ. ಆದರೆ ಮಾಯದೆ ಕೊಳೆತ ಗಾಯ, ದಪ್ಪಗಾದ ಕಲೆ ನಮ್ಮ ಕಡೆಯೂ ಇಲ್ಲದ್ದಲ್ಲ.

ಹಳೆಯ ಗಾಯದ ಕಲೆಯಲ್ಲಿ ದಶಕಗಳ ಮೇಲೆ ಕ್ಯಾನ್ಸರ್ ಹುಟ್ಟುವುದು ವೈದ್ಯರಿಗೆ ಹೊಸ ಸಂಗತಿಯೂ ಅಲ್ಲ. ಕಾಶ್ಮೀರದಲ್ಲಿ ಚಳಿಗೆ ಫಿರನ್ ಒಳಗೆ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುತ್ತಾರಲ್ಲ, ಅದು ಪದೇ ಪದೇ ಸುಟ್ಟ ಹೊಟ್ಟೆ ತೊಡೆಗಳ ಚರ್ಮದಲ್ಲಿ ಬರುವ ಕ್ಯಾನ್ಸರ್‌ಗೆ ಕಾಂಗ್ಡಿ ಕ್ಯಾನ್ಸರ್ ಎಂದೇ ಹೆಸರು. ಸೀರೆಯ ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಸೊಂಟದಲ್ಲೂ ಹಾಗೆ ಆದದ್ದುಂಟು. ಎಲ್ಲ ಕಲೆಯೂ ಹೀಗಾಗುವುದಿಲ್ಲ, ಸಾವಿರದಲ್ಲಿ ಒಂದು ಎಂದು ಹೇಳುವಷ್ಟೂ ಆಗುವುದಿಲ್ಲ. ಆದರೆ ಆಗುತ್ತದೆ.

ಮಾಮನ ಸುನ್ನತ್ ಆದದ್ದು ಏಳನೇ ವಯಸ್ಸಿನಲ್ಲಿ, ಮನೆಯ ಚಾವಡಿಯಲ್ಲಿ, ಊರಿನ ಒಸ್ಸಾನ್ ಕೈಯಲ್ಲಿ. ಆ ಒಸ್ಸಾನ್ ಒಳ್ಳೆಯ ಕೈಗುಣದವರೆಂದೇ ಹೆಸರು, ಅದೇ ವಾರ ಅವರು ಮಾಡಿದ ಬೇರೆ ಹುಡುಗರಿಗೆ ಏನೂ ಆಗಲಿಲ್ಲ. ಮಾಮನ ಗಾಯ ಮಾತ್ರ ಮಳೆಗಾಲದ ಶೀತಕ್ಕೆ ಕೀವು ಹಿಡಿದು ಎರಡು ತಿಂಗಳು ಮಾಯಲಿಲ್ಲ. ಮಾಯ್ದ ಮೇಲೆ ಮೇಲ್ಬದಿಯಲ್ಲಿ ಹಗ್ಗದ ಗಂಟಿನ ಹಾಗೆ ಒಂದು ಕಲೆ ಉಳಿಯಿತು. ಮದುವೆಯಾಯಿತು, ನಾಲ್ಕು ಮಕ್ಕಳಾದರು, ಶಾರ್ಜಾದ ಕೆಫೆಟೇರಿಯಾದಲ್ಲಿ ಇಪ್ಪತ್ತೆರಡು ವರ್ಷ ಪರೋಟ ತಟ್ಟಿದರು. ಕಲೆ ಅದರ ಪಾಡಿಗೆ ಅದು ಇತ್ತು.

2020ರ ಜನವರಿಯಲ್ಲಿ, ಅವರಿಗೆ ಐವತ್ತೆಂಟು ವರ್ಷವಾಗಿದ್ದಾಗ, ಆ ಕಲೆಯ ಒಂದು ತುದಿ ಕೆಂಪಾಗಿ ತುರಿಸತೊಡಗಿತು. ಅಲ್ಲಿಂದ ಬಯಾಪ್ಸಿಯವರೆಗೆ ಹದಿನೆಂಟು ತಿಂಗಳು. ಈ ಹದಿನೆಂಟು ತಿಂಗಳ ಲೆಕ್ಕವನ್ನು ನಾನು ಆಮೇಲೆ ಅವರೊಡನೆ ಕೂತು ಬರೆದಿಟ್ಟೆ. ಮೊದಲಿಗೆ ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡುವ ಡಾಕ್ಟರು: ‘ಶುಗರ್ ಇರುವವರಿಗೆ ಅಲ್ಲಿ ಫಂಗಸ್ ಸಾಮಾನ್ಯ.’ ಮಾತು ಸರಿಯೇ, ಸಕ್ಕರೆ ಕಾಯಿಲೆಯವರಿಗೆ ಅಲ್ಲಿ ಬೂಷ್ಟಿನ ಸೋಂಕು ಬರುತ್ತದೆ. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು, ತಲಪಾಡಿಯ ಗಡಿ ಮುಚ್ಚಿತು. ನಮ್ಮ ಮಂಜೇಶ್ವರ ಕಡೆಯವರಿಗೆ ತಲೆನೋವಿಗೂ ಹೆರಿಗೆಗೂ ಮಂಗಳೂರೇ. ರಸ್ತೆಗೆ ಮಣ್ಣು ಸುರಿದ ಆ ದಿನಗಳಲ್ಲಿ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರಿದ್ದರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಂಥ ಹೊತ್ತಿನಲ್ಲಿ ಒಂದು ತುರಿಕೆಗಾಗಿ ಯಾರು ಹೊರಡುತ್ತಾರೆ? ಫೋನಿನಲ್ಲಿ ಮಾತಾಡಿದ ಎರಡನೆಯ ಡಾಕ್ಟರು ‘ಹಳೆಯ ಕಲೆ ಬೆಳೆಯುತ್ತಿರಬೇಕು, ಕೀಲಾಯ್ಡ್’ ಎಂದರು. ಮೂರನೆಯವರು ಮಾತ್ರೆಯ ಅಲರ್ಜಿ ಎಂದರು. ಇದೂ ಸುಮ್ಮನೆ ಹೇಳಿದ ಮಾತಲ್ಲ, ಕೆಲವು ಮಾತ್ರೆಗಳ ಅಲರ್ಜಿ ಪ್ರತಿಸಲವೂ ಶಿಶ್ನದ ತುದಿಯಲ್ಲೇ ಕಪ್ಪು-ಕೆಂಪು ಕಲೆಯಾಗಿ ಏಳುತ್ತದೆ. ನಾಲ್ಕನೆಯದು ಒಂದು ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬು. ಐದನೆಯದು ಎಣ್ಣೆ ಕೊಡುವ ಒಬ್ಬ ವೈದ್ಯರು.

ಐದು ಮಂದಿ ಔಷಧಿ ಕೊಟ್ಟರು. ಲುಂಗಿ ಸರಿಸಿ ಕಣ್ಣಿಂದ ನೋಡಿದವರು ಒಬ್ಬರೇ, ಅದೂ ದೂರದಿಂದ, ಅರ್ಧ ನಿಮಿಷ. ತೋರಿಸಲು ಮಾಮನಿಗೂ ಮನಸ್ಸಿರಲಿಲ್ಲ, ನೋಡಲು ಅವರಿಗೂ ಇರಲಿಲ್ಲ, ಹಾಗಾಗಿ ಎರಡೂ ಕಡೆಗೆ ಸಲೀಸಾಯಿತು. ಆ ನೋಡಿದವರೇ ಹೇಳಿದ ಮಾತು: ‘ಹೆದರಬೇಡಿ ಸಾಹೇಬ್ರೇ, ನಿಮ್ಮವರಿಗೆ ಕ್ಯಾನ್ಸರ್ ಆಗುವುದಿಲ್ಲ.’

ಆ ಟ್ಯೂಬಿನ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿ ಮನೆಯಲ್ಲಿ ಬೆಳೆದವನಾದ್ದರಿಂದ ಯಾವ ವಸ್ತುವನ್ನು ಜನ ಜೋರಾಗಿ ಕೇಳುತ್ತಾರೆ, ಯಾವುದನ್ನು ಮೆಲ್ಲಗೆ ಕೇಳುತ್ತಾರೆ ಎಂಬುದು ನನಗೆ ಸಣ್ಣಂದಿನಿಂದ ಗೊತ್ತು. ತುರಿಕೆಯ ಮುಲಾಮನ್ನು ಗಂಡಸರು ಬೇರೆ ಗಿರಾಕಿ ಹೋಗುವವರೆಗೆ ಕಾದು, ಬೆಲ್ಲದ ಬೆಲೆ ವಿಚಾರಿಸಿ, ಆಮೇಲೆ ಕೇಳುತ್ತಾರೆ. ಈಗ ಮೆಡಿಕಲ್ ಶಾಪುಗಳಲ್ಲಿ ಹೆಚ್ಚು ಖರ್ಚಾಗುವುದು ಮೂರು ನಾಲ್ಕು ಔಷಧಿ ಒಟ್ಟಿಗೆ ಬೆರೆಸಿದ ಟ್ಯೂಬು: ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಬಲವಾದ ಸ್ಟೀರಾಯ್ಡ್. ಅಷ್ಟು ತೆಳು ಚರ್ಮದ ಮೇಲೆ ತಿಂಗಳುಗಟ್ಟಲೆ ಹಚ್ಚುವ ವಸ್ತುವೇ ಅಲ್ಲ ಅದು. ಸ್ಟೀರಾಯ್ಡ್ ಮಾಡುವ ಕೆಲಸವೆಂದರೆ ಉರಿಯೂತವನ್ನು ತಗ್ಗಿಸುವುದು. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಮೂರು ದಿನದಲ್ಲಿ ವಾಸಿಯಾಯಿತು ಎನಿಸುತ್ತದೆ. ಅಡಿಯಲ್ಲಿ ಇರುವುದು ಹುಳುಕಡ್ಡಿಯಾದರೆ ಅದು ಇನ್ನಷ್ಟು ಹರಡುತ್ತದೆ. ಕ್ಯಾನ್ಸರ್ ಆದರೆ ಅದು ಸುಮ್ಮನೆ ತನ್ನ ಪಾಡಿಗೆ ಬೆಳೆಯುತ್ತದೆ. ಮಾಮ ಹದಿನಾಲ್ಕು ಟ್ಯೂಬು ಹಚ್ಚಿದ್ದರು. ಪ್ರತಿಸಲ ಹತ್ತು ಹದಿನೈದು ದಿನ ಸುಖ, ಮತ್ತೆ ಮೊದಲಿನಂತೆ. ಹಾಗೆ ಕಡಿಮೆಯಾಗಿ ಮತ್ತೆ ಬರುತ್ತಿದ್ದದ್ದೇ ಅವರಿಗೆ ಧೈರ್ಯ ಕೊಟ್ಟಿತು. ‘ಕ್ಯಾನ್ಸರ್ ಆದರೆ ಔಷಧಿಗೆ ಇಳಿಯುತ್ತದಾ?’ ಎನ್ನುತ್ತಿದ್ದರು.

ಇಂಥ ವೇಷ ಹಾಕುವುದು ಕಲೆಯ ಕ್ಯಾನ್ಸರ್ ಒಂದೇ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ಶಿಶ್ನದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಚರ್ಮದ ಮೇಲ್ಪದರದಲ್ಲಿ ಹುಟ್ಟುವಂಥವು. ಅವು ಒಳಗೆ ಇಳಿಯುವ ಮೊದಲು ಮೇಲ್ಪದರದಲ್ಲೇ ವರ್ಷಗಟ್ಟಲೆ ಕೂತಿರುವುದುಂಟು. ತುದಿಯಲ್ಲಿ ಮಕಮಲ್ಲಿನಂತೆ ಹೊಳೆಯುವ ಕೆಂಪು ಪಟ್ಟಿಯಾಗಿ ಕಾಣುವುದನ್ನು ಫ್ರಾನ್ಸಿನ ಚರ್ಮವೈದ್ಯ ಕೇರಾ 1911ರಲ್ಲಿ ವಿವರಿಸಿದರು. ಇದು ಹೆಚ್ಚಾಗಿ ಮುಂದೊಗಲು ಇರುವವರಲ್ಲೇ. ಮರುವರ್ಷ ಬೋಸ್ಟನ್ನಿನ ಬೋವೆನ್ ಹೇಳಿದ್ದು ಒಣಗಿದ ಹೊಪ್ಪಳೆಯ ಪಟ್ಟಿ, ನೋಡಲು ಥೇಟ್ ಇಸುಬು ಅಥವಾ ಸೋರಿಯಾಸಿಸ್. ಇದು ದಂಡದ ಚರ್ಮದಲ್ಲಿ ಯಾರಿಗೂ ಬರಬಹುದು. 1889ರಲ್ಲಿ ಲಂಡನ್ನಿನ ಕ್ರಾಕರ್ ಎಂಬವರು ಶಿಶ್ನ ಮತ್ತು ವೃಷಣದ ಚೀಲದ ಮೇಲೆ ಕಂಡದ್ದು ಪೇಜೆಟ್ ಕಾಯಿಲೆ, ಇದಂತೂ ಬರೀ ತುರಿಕೆಯ ಕಜ್ಜಿಯೆಂದೇ ತೋರುತ್ತದೆ. ಹೂಕೋಸಿನಂತೆ ಬೆಳೆಯುವ ಒಂದಿದೆ, 1925ರಲ್ಲಿ ಬುಷ್ಕೆ ಮತ್ತು ಲೋವೆನ್‌ಸ್ಟೈನ್ ಎಂಬ ಇಬ್ಬರು ಜರ್ಮನ್ ವೈದ್ಯರು ಬರೆದದ್ದು. ನರಹುಲಿ ಎಂದು ಅದನ್ನು ಸುಡುತ್ತಾ, ಆ್ಯಸಿಡ್ ಹಚ್ಚುತ್ತಾ ಕಾಲ ಕಳೆಯುವವರಿದ್ದಾರೆ.

ಇನ್ನೂ ಅಪರೂಪದ್ದು ಚರ್ಮದ ಅಡಿಯಲ್ಲಿ ಸಿಗುವ ಗಟ್ಟಿ ಗಂಟು. ಸಾಮಾನ್ಯವಾಗಿ ಅದು ಪೆರೋನಿ ಎಂಬ ನಿರಪಾಯ ಕಾಯಿಲೆ, ನಾರು ಗಟ್ಟಿಯಾಗಿ ಶಿಶ್ನ ಬಾಗುವುದು. ನಡುವಯಸ್ಸಿನವರಲ್ಲಿ ಇದು ಇದ್ದೇ ಇದೆ, ಸುನ್ನತ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಎಲ್ಲೋ ಒಬ್ಬರಿಗೆ ಆ ಗಂಟು ಸಾರ್ಕೋಮಾ ಆಗಿರುತ್ತದೆ, ಅಥವಾ ಪ್ರಾಸ್ಟೇಟ್, ಮೂತ್ರಚೀಲದ ಕ್ಯಾನ್ಸರ್ ಅಲ್ಲಿಗೆ ಬಂದು ಕೂತದ್ದಾಗಿರುತ್ತದೆ. ಕಪ್ಪು ಮಚ್ಚೆಯೊಂದು ಮೆಲನೋಮಾ ಆಗಿರುವುದೂ ಉಂಟು.

ಇಷ್ಟು ಓದಿ ಹುಡುಗರು ಯಾರೂ ರಾತ್ರಿ ಟಾರ್ಚ್ ಹಿಡಿದು ಕೂರಬೇಡಿ. ತುದಿಯ ಅಂಚಿನಲ್ಲಿ ಸಾಲಾಗಿ ಮುತ್ತು ಪೋಣಿಸಿದಂತೆ ಸಣ್ಣ ಸಣ್ಣ ಗುಳ್ಳೆಗಳಿದ್ದರೆ ಅದು ಕಾಯಿಲೆಯೇ ಅಲ್ಲ, ತುಂಬ ಗಂಡಸರಿಗೆ ಹುಟ್ಟು ಲಕ್ಷಣದಂತೆ ಇರುತ್ತದೆ, ಯಾರಿಗೂ ಅಂಟುವುದಿಲ್ಲ. ಬಹುಪಾಲು ಕೆಂಪು, ಬಹುಪಾಲು ತುರಿಕೆ, ನಿಜವಾಗಿಯೂ ಫಂಗಸ್ ಅಥವಾ ಅಲರ್ಜಿಯೇ. ಸರಿಯಾದ ಔಷಧಿಗೆ ಮೂರು ನಾಲ್ಕು ವಾರಗಳಲ್ಲಿ ಹೋಗುತ್ತದೆ. ಹೋಗದೆ ಉಳಿದದ್ದು, ಹೋಗಿ ಅದೇ ಜಾಗಕ್ಕೆ ಮತ್ತೆ ಬಂದದ್ದು, ರಕ್ತ ಬಂದದ್ದು, ಗಟ್ಟಿಯಾಗುತ್ತಾ ಬಂದದ್ದು, ಇವು ಬೇರೆ ಜಾತಿ.

ಬೇರೆ ಜಾತಿಯೋ ಅಲ್ಲವೋ ಎಂಬುದನ್ನು ಕಣ್ಣಿಂದ ನೋಡಿ ಹೇಳಲು ದೊಡ್ಡ ಡಾಕ್ಟರಿಂದಲೂ ಆಗುವುದಿಲ್ಲ. ಇದು ನನಗೆ ಬೇಗ ಅರ್ಥವಾಯಿತು, ಏಕೆಂದರೆ ಡಿಪ್ಲೊಮಾ ಮುಗಿಸಿ ನಾನು ಸೇರಿದ ಮೊದಲ ಕೆಲಸವೇ ಎರಕದ ಕಬ್ಬಿಣದ ವಾಲ್ವ್‌ಗಳನ್ನು ಪರೀಕ್ಷೆ ಮಾಡುವುದು. ಎರಕದ ಮೇಲೊಂದು ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಗೀರೋ, ಬಿರುಕೋ? ಇಪ್ಪತ್ತು ವರ್ಷ ಅನುಭವದ ಫೋರ್‌ಮನ್ ಕೂಡ ನೋಡಿ ಹೇಳುವುದಿಲ್ಲ. ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಾದರೆ ಒಳಗೆ ಇಳಿದ ಬಣ್ಣ ಬಿಳಿಯ ಮೇಲೆ ಎದ್ದು ಬರುತ್ತದೆ. ಚರ್ಮಕ್ಕೆ ಅಂಥ ಪರೀಕ್ಷೆ ಬಯಾಪ್ಸಿ. ಆ ಜಾಗ ಮಾತ್ರ ಮರಗಟ್ಟಿಸಿ ಮೂರು ನಾಲ್ಕು ಮಿಲಿಮೀಟರಿನ ಒಂದು ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಹಾಕುತ್ತಾರೆ, ಅದೇ ದಿನ ಮನೆಗೆ ಬರಬಹುದು. ಚೂರನ್ನು ಪೆಥಾಲಜಿಯವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

‘ಕತ್ತರಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ಮಾಮನನ್ನು ಮೂರು ತಿಂಗಳು ತಡೆದದ್ದು ಅದೇ. ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಜನ ಬಯಾಪ್ಸಿಗೆ ಹೋಗುವುದೇ ಕೊನೆಯ ಹಂತದಲ್ಲಿ. ಚೂರು ತೆಗೆದ ಎರಡು ತಿಂಗಳಿಗೆ ಮನುಷ್ಯ ಹೋಗಿಬಿಡುತ್ತಾನೆ, ಅಪವಾದ ಕತ್ತರಿಗೆ ಬರುತ್ತದೆ. ಅಷ್ಟು ಸಣ್ಣ ಚೂರು ತೆಗೆದದ್ದರಿಂದ ಈ ಕ್ಯಾನ್ಸರ್ ಹರಡುವುದಿಲ್ಲ. ತೆಗೆಯದೆ ಬಿಟ್ಟರೆ ಹರಡುತ್ತದೆ.

2021ರ ಜುಲೈಯಲ್ಲಿ ಲುಂಗಿಯಲ್ಲಿ ರಕ್ತ ಕಂಡು ಮಾಮಿ ಹಟ ಹಿಡಿದರು. ಮಂಗಳೂರಿನ ಒಬ್ಬರು ಯುರಾಲಜಿ ಡಾಕ್ಟರು ಕೈಗವಸು ಹಾಕಿ, ದೀಪ ಹತ್ತಿರ ಎಳೆದು, ಐದು ನಿಮಿಷ ಮುಟ್ಟಿ ನೋಡಿ, ತೊಡೆಸಂದಿಯ ಗಂಟುಗಳನ್ನೂ ಒತ್ತಿ ನೋಡಿ, ‘ನಾಳೆಯೇ ಚೂರು ತೆಗೆಯುವ’ ಎಂದರು. ವಾರದ ಮೇಲೆ ಉತ್ತರ ಬಂತು.

ಮೇಲ್ಪದರದಲ್ಲೇ ಇದ್ದಾಗ ಸಿಕ್ಕಿದ್ದರೆ ಹಚ್ಚುವ ಔಷಧಿಯಲ್ಲೋ ಲೇಸರಿನಲ್ಲೋ, ಕೆಟ್ಟ ಚರ್ಮವನ್ನಷ್ಟೇ ತೆಗೆದೋ ಅಂಗವನ್ನು ಉಳಿಸುವುದು ಸಾಧ್ಯವಿತ್ತು. ಆ ಹೊತ್ತಿಗೆ ಅದು ಒಳಗೆ ಇಳಿದಿತ್ತು. ಅರ್ಧದಷ್ಟು ತೆಗೆಯಬೇಕಾಯಿತು. ಬಲಗಡೆಯ ತೊಡೆಸಂದಿಯ ಒಂದು ಗಂಟಿಗೂ ಮುಟ್ಟಿತ್ತು, ಅಲ್ಲಿನ ಗಂಟುಗಳನ್ನೂ ತೆಗೆದರು. ಈ ಕಾಯಿಲೆಯಲ್ಲಿ ಮನುಷ್ಯ ಉಳಿಯುವುದು ಬಿಡುವುದು ಹೆಚ್ಚಾಗಿ ತೀರ್ಮಾನವಾಗುವುದು ಆ ಗಂಟುಗಳಲ್ಲಿ. ಈಗ ಸ್ತನ ಕ್ಯಾನ್ಸರ್‌ನಲ್ಲಿ ಎಲ್ಲ ಕಡೆ ಮಾಡುವ, ಕಾವಲು ಗಂಟನ್ನು ಮೊದಲು ತೆಗೆದು ನೋಡುವ ಕ್ರಮ ಇದೆಯಲ್ಲ, ಅದರ ಯೋಚನೆಯನ್ನು 1977ರಲ್ಲಿ ಕಬಾನ್ಯಾಸ್ ಎಂಬ ಶಸ್ತ್ರವೈದ್ಯ ಬರೆದದ್ದು ಶಿಶ್ನದ ಕ್ಯಾನ್ಸರ್ ರೋಗಿಗಳನ್ನು ನೋಡಿಯೇ. ಯಾರೂ ಹೆಸರೆತ್ತದ ಈ ಕಾಯಿಲೆಯಿಂದ ಎಷ್ಟೋ ಹೆಂಗಸರಿಗೆ ಉಪಕಾರವಾಗಿದೆ.

ಮಾಮ ಬದುಕಿದ್ದಾರೆ. ಬಲಗಾಲು ಸಂಜೆಗೆ ಊದುತ್ತದೆ, ಬಿಗಿ ಕಾಲುಚೀಲ ಹಾಕುತ್ತಾರೆ. ನಿಂತು ಮೂತ್ರ ಮಾಡಲಾಗುವುದಿಲ್ಲ. ನಮ್ಮಲ್ಲಿ ಕುಳಿತೇ ಮಾಡುವ ರೂಢಿಯಾದ್ದರಿಂದ ಇದು ಯಾರ ಗಮನಕ್ಕೂ ಬಂದಿಲ್ಲ. ‘ಅಷ್ಟು ಮಟ್ಟಿಗೆ ಪಡೆದವನು ಮರ್ಯಾದೆ ಉಳಿಸಿದ’ ಎಂದು ಒಮ್ಮೆ ಅವರೇ ನಕ್ಕರು.

ಮಾಮಿ ನನ್ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದು. ಆಪರೇಷನ್ ಮುಗಿದು ಮನೆಗೆ ಬಂದ ವಾರ, ಅಡುಗೆ ಮನೆಯಲ್ಲಿ ಅಕ್ಕಿ ರೊಟ್ಟಿ ಮಗುಚುತ್ತಾ, ನನ್ನ ಮುಖ ನೋಡದೆ: ‘ಇದು ಕೆಟ್ಟ ದಾರಿ ಹಿಡಿದವರಿಗೆ ಬರುವ ಕಾಯಿಲೆಯಾ?’ ಇಪ್ಪತ್ತೆರಡು ವರ್ಷ ಗಂಡ ದೂರದ ದೇಶದಲ್ಲಿದ್ದ ಹೆಂಗಸಿನ ಪ್ರಶ್ನೆ ಅದು. ಇದಕ್ಕೆ ಹಾರಿಕೆಯ ಉತ್ತರ ಕೊಡಬಾರದು ಎನಿಸಿತು. ಎಚ್‌ಪಿವಿ ಎಂಬ ವೈರಸ್ ಇದೆ, ಗಂಡು-ಹೆಣ್ಣಿನ ಸಂಬಂಧದಲ್ಲಿ ಹರಡುತ್ತದೆ, ತೀರ ಸಾಮಾನ್ಯ, ಗಂಡ-ಹೆಂಡತಿ ನಡುವೆಯೇ ಬರಬಹುದು, ಮದುವೆಗೆ ಎಷ್ಟೋ ವರ್ಷ ಮೊದಲಿನದ್ದೂ ಇರಬಹುದು. ಶಿಶ್ನದ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟಕ್ಕೆ ಅದು ಕಾರಣ, ಉಳಿದ ಅರ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. ಪೆಥಾಲಜಿ ವರದಿಯಲ್ಲಿ ಪಿ16 ಎಂಬ ಪರೀಕ್ಷೆಯ ಸಾಲಿದೆ, ಎಚ್‌ಪಿವಿಯ ಸುಳಿವು ಕೊಡುವುದು ಅದು. ಮಾಮನದ್ದು ನೆಗೆಟಿವ್. ಇದನ್ನೆಲ್ಲ ವರದಿ ತಂದು ಬೆರಳಿಟ್ಟು ತೋರಿಸಿ ಹೇಳಿದೆ. ಮಾಮಿ ಇಂಗ್ಲಿಷ್ ಓದುವುದಿಲ್ಲ, ಆದರೂ ಆ ಸಾಲನ್ನು ತುಂಬ ಹೊತ್ತು ನೋಡಿದರು. ‘ಮತ್ತೆ ಬೀಡಿ?’ ಎಂದರು. ಬೀಡಿ ಹೌದು. ಸೇದುವ, ಜಗಿಯುವ, ಮೂಗಿಗೇರಿಸುವ ಮೂರೂ ಬಗೆಯ ಹೊಗೆಸೊಪ್ಪಿಗೂ ಈ ಕ್ಯಾನ್ಸರ್‌ಗೂ ಸಂಬಂಧವಿದೆ ಎಂದು ನಮ್ಮ ದೇಶದ ರೋಗಿಗಳನ್ನೇ ನೋಡಿ 1995ರಲ್ಲಿ ವೈದ್ಯರು ಬರೆದಿದ್ದಾರೆ. ಬೀಡಿಯ ವಿಷಯ ಕೇಳಿದ ಮೇಲೆ ಮಾಮಿಯ ದನಿ ಮೊದಲಿನಂತಾಯಿತು, ಮಾಮನಿಗೆ ಒಳಗಿನಿಂದಲೇ ಬಯ್ಯತೊಡಗಿದರು.

ಮಾಮನ ಹೆದರಿಕೆ ಬೇರೆಯೇ ಇತ್ತು. ಸಾವಿನ ಹೆದರಿಕೆ ಎಂದು ನಾವೆಲ್ಲ ತಿಳಿದಿದ್ದೆವು. ಆಪರೇಷನ್‌ಗೆ ಹಿಂದಿನ ರಾತ್ರಿ ಆಸ್ಪತ್ರೆಯ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದರು: ‘ನಾಳೆ ನಾನು ಸತ್ತರೆ ಮಯ್ಯಿತ್ ಸ್ನಾನ ಮಾಡಿಸುವವರು ನೋಡುತ್ತಾರಲ್ಲ. ಆಮೇಲೆ ನನ್ನ ಮಕ್ಕಳನ್ನು ಊರಿನಲ್ಲಿ ಏನೆಂದು ಕರೆದಾರು?’ ಹದಿನೆಂಟು ತಿಂಗಳು ಅವರನ್ನು ತಡೆದದ್ದರಲ್ಲಿ ಈ ಯೋಚನೆಯ ಪಾಲು ಎಷ್ಟಿತ್ತೋ. ನನಗೆ ಉತ್ತರ ಗೊತ್ತಿರಲಿಲ್ಲ. ನನಗೆ ಮದ್ರಸದಲ್ಲಿ ಕಲಿಸಿದ ಉಸ್ತಾದರಿಗೆ ಆ ರಾತ್ರಿಯೇ ಫೋನ್ ಮಾಡಿದೆ, ಹೆಸರು ಹೇಳದೆ ವಿಷಯ ಹೇಳಿದೆ. ಅವರು ಒಂದು ಕ್ಷಣವೂ ತಡವರಿಸಲಿಲ್ಲ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಮುಚ್ಚಿಯೇ ಸ್ನಾನ ಮಾಡಿಸುವುದು, ತೊಳೆಯುವವನು ಕೈಗೆ ಬಟ್ಟೆ ಸುತ್ತಿಕೊಂಡೇ ತೊಳೆಯುವುದು, ಮಯ್ಯಿತ್‌ನಲ್ಲಿ ಕಂಡ ಕೊರತೆಯನ್ನು ಹೊರಗೆ ಹೇಳುವುದು ತೊಳೆದವನಿಗೆ ಸಲ್ಲದು ಎಂದರು. ಮತ್ತೆ, ‘ಅವರಿಗೆ ಹೇಳು, ಚಿಕಿತ್ಸೆಗೆ ತೋರಿಸುವುದರಲ್ಲಿ ನಾಚಿಕೆ ಇಲ್ಲ, ಔರತ್ತಿನ ನಿಯಮ ಅಲ್ಲಿ ಸಡಿಲವಾಗುತ್ತದೆ’ ಎಂದರು. ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದೆ. ಮಾಮ ಗೋಡೆಯ ಕಡೆ ತಿರುಗಿ ಮಲಗಿದರು, ಬೆಳಗ್ಗೆ ಸುಬಹಿಗೆ ತಾವೇ ಎದ್ದರು.

ಈ ಮಾತನ್ನು ಉಸ್ತಾದರು ಒಂದು ಜುಮಾದ ದಿನ ಪಲ್ಲಿಯಲ್ಲಿ ಹೇಳಿದರೆ ನನ್ನ ಈ ಬರಹಕ್ಕಿಂತ ಹೆಚ್ಚು ಕೆಲಸವಾದೀತು. ಕೇಳಿದ್ದೇನೆ, ನೋಡುವ ಎಂದಿದ್ದಾರೆ. ನಮ್ಮಲ್ಲಿ ರಕ್ತದಾನ ಶಿಬಿರ, ಕಣ್ಣಿನ ಶಿಬಿರ, ಶುಗರ್ ಶಿಬಿರ ಎಲ್ಲ ಆಗುತ್ತವೆ. ಗಂಡಸರ ಈ ವಿಷಯಕ್ಕೆ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ ಎಂದು ನನಗೂ ಗೊತ್ತು. ಶಿಬಿರ ಬೇಡ. ದುಡ್ಡಿನ ಯೋಚನೆಯಿಂದ ಕೂತವರಿದ್ದರೆ, ಮಂಗಳೂರಿನ ದೊಡ್ಡ ಬಿಲ್ಲುಗಳೊಂದೇ ದಾರಿಯಲ್ಲ, ತಲಶ್ಶೇರಿಯಲ್ಲಿ ಕೇರಳ ಸರಕಾರದ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಕಾಸರಗೋಡು ಜಿಲ್ಲೆಯವರು ರೈಲಿನಲ್ಲಿ ಬೆಳಗ್ಗೆ ಹೋಗಿ ರಾತ್ರಿ ಬರಬಹುದು.

ಊರಿಗೆ ನಾವು ಹೇಳಿದ್ದು ಹರ್ನಿಯಾ ಆಪರೇಷನ್ ಎಂದು. ಬಾಳೆಹಣ್ಣು, ಬಿಸ್ಕತ್ತು ಹಿಡಿದು ನೋಡಲು ಬಂದವರೆಲ್ಲ ಹರ್ನಿಯಾದ ಬಗ್ಗೆ ತಮಗೆ ತಿಳಿದದ್ದನ್ನು ಹೇಳಿ ಹೋದರು. ಕಾಲು ಊದಿದ್ದು ಯಾಕೆ ಎಂದವರಿಗೆ ಮಾಮಿ ಬಲೆ ಹಾಕಿದ್ದಾರೆ ಎಂದುಬಿಟ್ಟರು, ಅದನ್ನೂ ನಂಬಿದರು. ನಾಲ್ಕು ವರ್ಷ ಹೀಗೇ ನಡೆಯಿತು. ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ, ಈಗ ಆರು ತಿಂಗಳಿಗೊಮ್ಮೆ ಮಾಮ ಬಸ್ಸು ಹತ್ತಿ ತಪಾಸಣೆಗೆ ಹೋಗುತ್ತಾರೆ, ಉಳಿದ ದಿನ ಉಪ್ಪನ ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಾರೆ.

ಹೋದ ತಿಂಗಳು ನೆರೆಯ ಒಬ್ಬರು ಅಲ್ಲಿಗೆ ಬಂದರು. ಅವರಿಗೆ ನಿಜವಾಗಿಯೇ ಹರ್ನಿಯಾ. ‘ನಿಮ್ಮದು ಇಷ್ಟು ಚೆನ್ನಾಗಿ ವಾಸಿಯಾಗಿದೆ, ಆ ಡಾಕ್ಟರ ಹೆಸರು ಕೊಡಿ, ಅವರಲ್ಲೇ ಮಾಡಿಸುತ್ತೇನೆ’ ಎಂದು ಕೂತರು. ಮಾಮ ಅವತ್ತು ಏನೋ ಹೇಳಿ ಕಳಿಸಿದರು. ಎರಡು ದಿನ ಯೋಚನೆ ಮಾಡಿ, ಮೂರನೇ ದಿನ ಅಸರ್ ನಮಾಜು ಮುಗಿದ ಮೇಲೆ ಅವರನ್ನು ಅಂಗಡಿಯ ಹಿಂದೆ ಗೋಣಿಗಳಿರುವ ಕೋಣೆಗೆ ಕರೆದು, ಒಸ್ಸಾನ್‌ನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಆ ಮನುಷ್ಯ ಸ್ವಲ್ಪ ಹೊತ್ತು ಅಕ್ಕಿ ಗೋಣಿಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರಂತೆ. ಆಮೇಲೆ ಕೇಳಿದರಂತೆ, ‘ಹಾಗಾದರೆ ಹರ್ನಿಯಾಕ್ಕೆ ಯಾರು ಒಳ್ಳೆಯದು?’